ಈ ಮೃಗವು ಯಾರದು?

ಕಾಳಿದಾಸನ ಶಾಕುಂತಲ ನಾಟಕವು ಬೇಟೆಯಿಂದ ಮೊದಲಾಗುತ್ತದೆ. ರಥವೇರಿ, ಬಿಲ್ಲಿಗೆ ಬಾಣ ಹೂಡಿ, ಪ್ರಾಣಭಯದಿಂದ ಓಡುತ್ತಿರುವ ಜಿಂಕೆಯೊಂದನ್ನು ಬೆನ್ನಟ್ಟಿ ಬಂದ ದುಷ್ಯಂತನು ಇನ್ನೇನು ಬಾಣ ಬಿಡಬೇಕು ಎನ್ನುವಷ್ಟರಲ್ಲಿ, ತಾಪಸನೊಬ್ಬನು ಕೈಯೆತ್ತಿ ಅಡ್ಡ ನಿಂತು, ಇದು ಆಶ್ರಮಕ್ಕೆ ಸೇರಿದ ಮೃಗವಾದುದರಿಂದ ಕೊಲ್ಲಲಾಗದೆಂದು ತಡೆಯುತ್ತಾನೆ. ಭೂಮಂಡಲಕ್ಕೆಲ್ಲ ಒಡೆಯನೆನಿಸಿದ ಅರಸನು ಮರುಮಾತಾಡದೆ ಬಾಣವನ್ನು ಕೆಳಗಿಳಿಸುತ್ತಾನೆ. ಆಯುಧವಿರುವುದು ಆರ್ತರನ್ನು ಕಾಯುವುದಕ್ಕೆಂಬ ದಯೆಯ ಮಾತನ್ನೂ ಆ ತಾಪಸನು ಆಡದೆ ಇರುವುದಿಲ್ಲ. ಆದರೆ ಅದು ಆಮೇಲಿನ ಮಾತು. ಮೊದಲು ಅವನ ಬಾಯಿಂದ ಹೊರಡುವುದು ಒಡೆತನದ ಮಾತು: ಈ ಜಿಂಕೆ ನಿನ್ನದಲ್ಲ, ನಮ್ಮದು.

ಆಫ್ರಿಕಾ ಖಂಡದಲ್ಲಿ ದೊಡ್ಡ ಮೃಗಗಳ ಬೇಟೆಗೆಂದು ಹೊರಡುವ ಹಣವಂತನೊಬ್ಬನು, ಅವನು ಬಹುಮಟ್ಟಿಗೆ ಅಮೆರಿಕದವನು, ಅಲ್ಲದಿದ್ದರೆ ಯೂರೋಪಿನವನು, ಯಾವ ದೇಶಕ್ಕೆ ಹೋಗುವುದು ಲೇಸೆಂದು ಭೂಪಟವನ್ನು ಹರಡಿಕೊಂಡು ಕುಳಿತಾಗ, ತಾನು ತೂಗಿನೋಡುತ್ತಿರುವುದು ಖರ್ಚುವೆಚ್ಚ, ಹವಾಗುಣ, ಕೊಂಬಿನ ಉದ್ದ, ಬಿಡಾರದ ಸೌಕರ್ಯ ಮುಂತಾದುವನ್ನೆಂದೇ ತಿಳಿದಿರುತ್ತಾನೆ. ತಿಳಿದೋ ತಿಳಿಯದೆಯೋ ಅವನು ಆರಿಸಿಕೊಳ್ಳುವುದು, ಆ ತಾಪಸನ ಮಾತಿಗೆ ಒಂದೊಂದು ದೇಶವೂ ಕಂಡುಕೊಂಡಿರುವ ಒಂದೊಂದು ಉತ್ತರವನ್ನು. ಬೇಲಿ ಹಾಕಿದವನದೇ ಮೃಗವೆಂದು ದಕ್ಷಿಣ ಆಫ್ರಿಕಾ ಹೇಳಿದರೆ, ಅದು ಸರ್ಕಾರದ್ದೆಂದು ತಾಂಜಾನಿಯಾ ಹೇಳುತ್ತದೆ. ಅದರೊಡನೆ ಬಾಳುವೆ ಮಾಡಬೇಕಾದ ಹಳ್ಳಿಯವರಿಗೆ ಅದರ ಫಲ ಸಲ್ಲಬೇಕೆಂದು ನಮೀಬಿಯಾ ಹೇಳಿದರೆ, ಯಾರದಾದರೂ ಆಗಲಿ, ಕೋವಿಗಂತೂ ಅದು ಸಲ್ಲದೆಂದು ಕೀನ್ಯಾ ಹೇಳಿ ಅರ್ಧ ಶತಮಾನವಾಗುತ್ತ ಬಂದಿದೆ.

ನಾನು ಬೇಟೆಗಾರನಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕ್ಕಂದಿನಲ್ಲಿ ಬಂಧುಗಳೊಬ್ಬರ ಮನೆಯ ಪಡಸಾಲೆಯಲ್ಲಿ ಗೋಡೆಗೆ ಬಡಿದಿದ್ದ ಕಾಟಿಯ ತಲೆಯೊಂದನ್ನು ಕಂಡಿದ್ದೆ; ಅದರ ಒಂದು ಗಾಜಿನ ಕಣ್ಣು ಉದುರಿಹೋಗಿ ಕುಳಿಯಿಂದ ನಾರು ಇಣುಕುತ್ತಿತ್ತು, ಮನೆಯ ಹಿರಿಯರು ಸ್ನಾನ ಮುಗಿಸಿ ಬಂದು ಒದ್ದೆಯ ಪಂಚೆಯನ್ನು ಅದರ ಬಲಗೊಂಬಿಗೆ ಹರವುತ್ತಿದ್ದರು. ಆ ಕೋಣವನ್ನು ಹೊಡೆದವರು ಯಾರು, ಎಲ್ಲಿ ಹೊಡೆದರು ಎಂಬುದು ಮನೆಯವರಿಗೂ ಮರೆತುಹೋಗಿದ್ದಿತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದಮೇಲೆ ನಮ್ಮಲ್ಲಿ ಅಂಥ ತಲೆಗಳು ಗೋಡೆಗೇರುವುದು ನಿಂತಿತು. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದಲ್ಲಿ ಈಗ ಜೀಪಿನ ಮೇಲೆ ಕುಳಿತು ಹುಲಿಗಾಗಿ ಕಾಯುವವರ ಕೈಯಲ್ಲಿರುವುದು ಕ್ಯಾಮೆರಾ. ನಾವು ಸಫಾರಿಯೆಂದು ಕರೆಯುವುದು ಇದನ್ನೇ. ಆದರೆ ಆ ಶಬ್ದವು ಅರಬ್ಬಿಯಿಂದ ಸ್ವಾಹಿಲಿ ಭಾಷೆಗೆ ಬಂದದ್ದು, ಅದರ ಅರ್ಥ ಪ್ರಯಾಣವೆಂದಷ್ಟೇ. ಪಯಣಕ್ಕೆ ಸಫರ್ ಎನ್ನುವ ನಮ್ಮ ದಖ್ಖನಿ ಮಾತಿಗೂ ಅದಕ್ಕೂ ತವರು ಒಂದೇ. ಅದಕ್ಕೆ ಬೇಟೆಯ ಅರ್ಥವನ್ನು ಅಂಟಿಸಿದವರು ಪೂರ್ವ ಆಫ್ರಿಕಾಕ್ಕೆ ಕೋವಿ ಹಿಡಿದು ಬಂದ ಬಿಳಿಯರು.

ಅವರಲ್ಲಿ ಅಗ್ರಗಣ್ಯನು ಥಿಯೊಡೋರ್ ರೂಸ್‌ವೆಲ್ಟ್. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಕೆಲವೇ ವಾರಗಳಲ್ಲಿ, 1909ರಲ್ಲಿ, ಮಗ ಕೆರ್ಮಿಟನೊಡನೆ ಮೊಂಬಾಸಾ ಬಂದರಿನಲ್ಲಿ ಇಳಿದ ಆತನು, ಇನ್ನೂರಕ್ಕೂ ಹೆಚ್ಚು ಮಂದಿ ಹೊರೆಯಾಳುಗಳ ಸಾಲನ್ನು ಹಿಂದಿಟ್ಟುಕೊಂಡು ಹೊರಟನು; ತಂದೆಯ ಲೆಕ್ಕಕ್ಕೆ 296, ಮಗನ ಲೆಕ್ಕಕ್ಕೆ 216, ಒಟ್ಟು 512 ದೊಡ್ಡ ಮೃಗಗಳು ನೆಲಕ್ಕೆ ಬಿದ್ದವು. ಆ ಚರ್ಮ, ಎಲುಬುಗಳು ವಾಷಿಂಗ್‌ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಹೋದುದರಿಂದ, ಬೇಟೆಯು ವಿಜ್ಞಾನದ ಹೊದಿಕೆಯನ್ನೂ ಹೊದ್ದುಕೊಂಡಿತು. ಆ ಯಾತ್ರೆಗೆ ಹನ್ನೊಂದು ವರ್ಷ ಮುಂಚೆ, 1898ರಲ್ಲಿ, ಮೊಂಬಾಸಾದಿಂದ ಒಳನಾಡಿಗೆ ಹೋಗುವ ರೈಲುದಾರಿಯ ತ್ಸಾವೊ ನದಿಯ ಸೇತುವೆಯ ಬಳಿ ಎರಡು ಕೇಸರವಿಲ್ಲದ ಗಂಡು ಸಿಂಹಗಳು ತಿಂಗಳುಗಟ್ಟಲೆ ತಿಂದವರಲ್ಲಿ ಹಲವರು ಪಂಜಾಬಿನಿಂದ ಹೋಗಿದ್ದ ನಮ್ಮ ಕೂಲಿಯವರು. ಆಫ್ರಿಕಾದ ಬೇಟೆಯ ಪುರಾಣದಲ್ಲಿ ಭಾರತೀಯನು ಬೇಟೆಗಾರನಾಗಿ ಅಲ್ಲ, ಆಹಾರವಾಗಿಯೇ ಪ್ರವೇಶ ಮಾಡಿದನೆಂಬುದು ನೆನಪಿನಲ್ಲಿಡತಕ್ಕ ಮಾತು.

ಹೀಗೆ ಸಫಾರಿಯ ತವರಾದ ಕೀನ್ಯಾವೇ 1977ರಲ್ಲಿ ಎಲ್ಲ ಬಗೆಯ ಮೃಗಬೇಟೆಗೂ ಬಾಗಿಲು ಹಾಕಿತು. ಆದುದರಿಂದ ಇಂದು ಬೇಟೆಗಾರನ ಭೂಪಟದಲ್ಲಿ ಉಳಿದಿರುವುದು ಬಹುಮಟ್ಟಿಗೆ ಖಂಡದ ದಕ್ಷಿಣಾರ್ಧ. ಅವನ ಬಯಕೆಯ ಶಿಖರದಲ್ಲಿರುವುದು ‘ದೊಡ್ಡ ಐದು’ ಎಂಬ ಪಟ್ಟಿ: ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ. ಇವು ಗಾತ್ರದಿಂದ ಆ ಪಟ್ಟಿಗೆ ಸೇರಿದವಲ್ಲ. ಹಾಗಿದ್ದಲ್ಲಿ ಚಿರತೆಗೆ ಬದಲಾಗಿ ಜಿರಾಫೆಯೋ ನೀರಾನೆಯೋ ಇರಬೇಕಾಗಿತ್ತು. ಕಾಲ್ನಡಿಗೆಯಲ್ಲಿ ಬೆನ್ನುಹತ್ತಿದವನನ್ನು ತಿರುಗಿಬಿದ್ದು ಕೊಲ್ಲಬಲ್ಲ ಮೃಗಗಳೆಂದು ಹಳೆಯ ಬೇಟೆಗಾರರು ಮಾಡಿಟ್ಟ ಪಟ್ಟಿ ಅದು. ಇದರ ಕೆಳಗಿನ ಮೆಟ್ಟಿಲಿನಲ್ಲಿ ಕುಡು, ಇಂಪಾಲ, ಈಲಂಡ್, ಒರಿಕ್ಸ್, ಜೀಬ್ರಾ ಮೊದಲಾದ ಬಯಲಿನ ಮೃಗಗಳಿವೆ. ಮೊದಲ ಬಾರಿ ಹೋಗುವವನು ಇವುಗಳಿಂದಲೇ ಅಕ್ಷರಾಭ್ಯಾಸ ಮಾಡುವನು.

ಹಣದ ಲೆಕ್ಕವು ಎರಡು ಕವಲಿನದು. ಬಿಡಾರ, ಊಟ, ಜೀಪು, ಆಳುಕಾಳುಗಳಿಗೆಂದು ದಿನಕ್ಕಿಷ್ಟು ಬಾಡಿಗೆ ಒಂದು. ಬಿದ್ದ ಮೃಗಕ್ಕೆ ಜಾತಿಯನ್ನನುಸರಿಸಿ ಟ್ರೋಫಿ ಶುಲ್ಕ ಮತ್ತೊಂದು. ಗುಂಡು ತಗಲಿ ರಕ್ತದ ಒಂದು ತೊಟ್ಟು ನೆಲಕ್ಕೆ ಬಿದ್ದಿತೆಂದರೆ, ಮೃಗವು ಕೈಗೆ ಸಿಗದೆ ಪೊದೆಯಲ್ಲಿ ಮಾಯವಾದರೂ ಪೂರ್ತಿ ಶುಲ್ಕವನ್ನು ತೆರಬೇಕೆಂಬುದು ಎಲ್ಲೆಲ್ಲೂ ರೂಢಿಯಲ್ಲಿರುವ ನಿಯಮ. ಈ ಕ್ರೂರ ವ್ಯವಹಾರದಲ್ಲಿ ನನಗೆ ನ್ಯಾಯವಾಗಿ ತೋರುವ ಕೆಲವೇ ಕಟ್ಟಳೆಗಳಲ್ಲಿ ಇದು ಒಂದು. ವಿದೇಶೀಯನು ತನ್ನಷ್ಟಕ್ಕೆ ತಾನೇ ಕಾಡು ಹೊಗುವಂತಿಲ್ಲ. ಸರ್ಕಾರದಿಂದ ಲೈಸೆನ್ಸು ಪಡೆದ ವೃತ್ತಿಪರ ಬೇಟೆಗಾರನೊಬ್ಬನು ಜೊತೆಗಿರಲೇಬೇಕು. ಜಿಂಬಾಬ್ವೆಯಲ್ಲಿ ಆ ಲೈಸೆನ್ಸಿಗೆ ಲಿಖಿತ ಪರೀಕ್ಷೆ ಮಾತ್ರವಲ್ಲದೆ ವರ್ಷಗಟ್ಟಲೆ ಉಮೇದುವಾರಿಯೂ ಬೇಕಾಗಿರುವುದರಿಂದ, ಅಲ್ಲಿ ತೇರ್ಗಡೆಯಾದವನಿಗೆ ಉಳಿದ ದೇಶಗಳ ಬಿಡಾರಗಳಲ್ಲಿಯೂ ಮರ್ಯಾದೆ ಉಂಟು.

ಇನ್ನು ಬೇಲಿಯ ವಿಷಯ. ದಕ್ಷಿಣ ಆಫ್ರಿಕಾದಲ್ಲಿ ಡಚ್ಚರ ಮೂಲಕ ಬಂದು ನೆಲೆಸಿದ ರೋಮನ್ ನ್ಯಾಯದ ಪ್ರಕಾರ ಕಾಡುಮೃಗವು ಯಾರದೂ ಅಲ್ಲದ ವಸ್ತು, ಹಿಡಿದವನದು, ಹೊಡೆದವನದು. ಒಬ್ಬನ ಜಮೀನಿನಿಂದ ಜಿಂಕೆಯು ಇನ್ನೊಬ್ಬನ ಜಮೀನಿಗೆ ನೆಗೆದರೆ ಮೊದಲಿನವನಿಗೆ ಅದರ ಮೇಲೆ ಹಕ್ಕೇ ಇಲ್ಲ. ಹೀಗಿರುವಾಗ ಅದನ್ನು ಸಾಕಿ ಕಾಪಾಡುವ ಹುಚ್ಚು ಯಾವ ರೈತನಿಗೆ? 1991ರಲ್ಲಿ ಬಂದ ಮೃಗಚೌರ್ಯದ ಕಾನೂನು ಈ ನ್ಯಾಯವನ್ನು ತಲೆಕೆಳಗು ಮಾಡಿತು: ಸಾಕಷ್ಟು ಭದ್ರವಾದ ಬೇಲಿಯನ್ನು ಹಾಕಿ ಅದಕ್ಕೆ ಅಧಿಕೃತ ಪತ್ರವನ್ನು ಪಡೆದವನು ಒಳಗಿರುವ ಮೃಗಗಳಿಗೆ ಒಡೆಯ, ಅವು ಬೇಲಿ ಹಾರಿ ಹೋದರೂ ಆ ಒಡೆತನ ಹೋಗದು. ಅಂದಿನಿಂದ ಬರಗಾಲಕ್ಕೆ ಸಿಕ್ಕಿ ಸೊರಗುತ್ತಿದ್ದ ದನಕುರಿಗಳನ್ನು ಮಾರಿ, ಆಳೆತ್ತರಕ್ಕೂ ಮೀರಿದ ತಂತಿಬೇಲಿಯನ್ನು ಎಳೆದು, ಹರಾಜಿನಲ್ಲಿ ಕುಡು, ಇಂಪಾಲಗಳನ್ನು ಕೊಂಡು ತಂದು ಬಿಟ್ಟ ಜಮೀನುದಾರರ ಸಂಖ್ಯೆಯು ಸಾವಿರಗಳಲ್ಲಿ ಬೆಳೆಯಿತು.

ಈ ವ್ಯವಸ್ಥೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭವಲ್ಲ. ಕೇಪ್ ಪ್ರಾಂತದ ಬಾಂಟೆಬಾಕ್ ಎಂಬ ಚೆಲುವಾದ ಜಿಂಕೆಯು ಕೆಲವು ರೈತರು ತಮ್ಮ ಹೊಲಗಳಲ್ಲಿ ಕಾದುಕೊಂಡದ್ದರಿಂದ ಅಳಿಯದೆ ಉಳಿಯಿತು. 1931ರಲ್ಲಿ ಅದಕ್ಕಾಗಿ ರಾಷ್ಟ್ರೀಯ ಉದ್ಯಾನವನ್ನು ಮಾಡಿದಾಗ ಒಳಗೆ ಬಿಡಲು ಸಿಕ್ಕವು 17 ಮಾತ್ರ, ಇಂದು ಅವುಗಳ ಸಂತತಿ ಸಾವಿರಗಳನ್ನು ಮುಟ್ಟಿದೆ. ಬಿಳಿಯ ಖಡ್ಗಮೃಗವೂ ಹಾಗೆಯೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಉಂಫೊಲೋಜಿಯ ಕಣಿವೆಯಲ್ಲಿ ನೂರಕ್ಕೂ ಕಡಿಮೆ ಉಳಿದಿದ್ದ ಅವುಗಳನ್ನು 1960ರ ದಶಕದಲ್ಲಿ ಇಯಾನ್ ಪ್ಲೇಯರ್ ಮತ್ತು ಅವನ ಸಂಗಡಿಗರು ಮದ್ದಿನ ಸೂಜಿಯಿಂದ ಮೂರ್ಛೆಗೊಳಿಸಿ ಲಾರಿಗಳಲ್ಲಿ ಬೇರೆ ಕಾಡುಗಳಿಗೆ ಸಾಗಿಸಿದರು. 1968ರಿಂದ ಅವುಗಳ ಬೇಟೆಗೆ ಅಲ್ಪಸ್ವಲ್ಪ ಅನುಮತಿ ದೊರೆತಮೇಲೆ ಜಮೀನುದಾರರೂ ಅವನ್ನು ಕೊಂಡು ಸಾಕತೊಡಗಿದರು. ಕೊಲ್ಲುವ ಬೆಲೆಯಿಂದ ಬದುಕುವ ಬೆಲೆ ಬಂದಿತೆಂಬುದು ಕೇಳುವುದಕ್ಕೆ ಅಸಂಬದ್ಧವಾಗಿ ಕಂಡರೂ, ನಡೆದದ್ದು ಹೀಗೆಯೇ.

ಆದರೆ ಬೇಲಿಯೊಳಗೆ ಒಮ್ಮೆ ಹೊಕ್ಕ ಮೃಗವು ದಿನಕಳೆದಂತೆ ಕಾಡಿನದಾಗಿ ಉಳಿಯುವುದೆ? ಬಂಗಾರದ ಬಣ್ಣದ ವೈಲ್ಡ್‌ಬೀಸ್ಟ್, ಕರಿಯ ಇಂಪಾಲ ಎಂದು ಹುಟ್ಟುದೋಷದ ಬಣ್ಣಗಳನ್ನೇ ಆರಿಸಿ ತಳಿಮಾಡಿ ಮಾರುವ ವ್ಯಾಪಾರ ಹುಟ್ಟಿಕೊಂಡಿತು. ಮುಂದೆ ಆ ದೇಶದ ಅಧ್ಯಕ್ಷರಾದ ಸಿರಿಲ್ ರಾಮಫೋಸಾ ಅವರು 2012ರ ಒಂದು ಹರಾಜಿನಲ್ಲಿ ಒಂದು ಕಾಡೆಮ್ಮೆ ಮತ್ತು ಅದರ ಕರುವಿಗೆ 19.5 ದಶಲಕ್ಷ ರಾಂಡ್‌ವರೆಗೆ ಕೂಗಿ, ಬಡವರ ದೇಶದಲ್ಲಿ ಹಾಗೆ ಮಾಡಬಾರದಾಗಿತ್ತೆಂದು ಆಮೇಲೆ ಕ್ಷಮೆ ಕೇಳಿದರು. ಎಮ್ಮೆಯಂತೂ ಅವರಿಗೆ ದಕ್ಕಲಿಲ್ಲ. ಇದಕ್ಕಿಂತ ಹೇಯವಾದುದು ಸಿಂಹದ ದೊಡ್ಡಿ. ಮರಿಯನ್ನು ತಾಯಿಯಿಂದ ಬೇರ್ಪಡಿಸಿ, ಪ್ರವಾಸಿಗರಿಂದ ಸೀಸೆಯಲ್ಲಿ ಹಾಲು ಕುಡಿಸಿ, ಬೆಳೆದಮೇಲೆ ಚಿಕ್ಕ ಆವರಣದಲ್ಲಿ ಬಿಟ್ಟು ಕೋವಿಗೆ ಒಪ್ಪಿಸುವ ಈ ಉದ್ಯೋಗದಲ್ಲಿ ಬಂದಿಯಾಗಿರುವ ಸಿಂಹಗಳು ಆ ದೇಶದ ಕಾಡಿನಲ್ಲಿರುವ ಸಿಂಹಗಳಿಗಿಂತ ಹೆಚ್ಚು. 2021ರಲ್ಲಿ ಅಲ್ಲಿನ ಸರ್ಕಾರವೇ ಅದನ್ನು ಕೊನೆಗಾಣಿಸುವುದಾಗಿ ಸಾರಿತು. ಬೇಟೆಯಲ್ಲಿ ನಿಷ್ಠೆಯಿರುವ ಬೇಟೆಗಾರರೂ ಅದನ್ನು ಡಬ್ಬಿಯೊಳಗಿನ ಬೇಟೆಯೆಂದು ಹಳಿಯುತ್ತಾರೆ. ಒಂದು ವಾರದ ಬಿಡುವು, ಕೆಲವು ಸಾವಿರ ಡಾಲರು, ಒಳ್ಳೆಯ ರಸ್ತೆ, ಮಲೇರಿಯಾ ಭಯವಿಲ್ಲದ ಮನೆ, ಬಯಸಿದ ಜಾತಿಯ ಮೃಗ, ಇಷ್ಟು ಬೇಕಾದವನಿಗೆ ದಕ್ಷಿಣ ಆಫ್ರಿಕಾಕ್ಕೆ ಸಾಟಿಯಾದ ದೇಶವಿಲ್ಲ. ಪ್ರತಿಯಾಗಿ ಅವನು ಕೇಳಿಕೊಳ್ಳಬೇಕಾದ ಪ್ರಶ್ನೆ, ಆ ಬೇಲಿಯು ಎಷ್ಟು ದೂರದಲ್ಲಿದೆ ಎಂಬುದು.

ಬೇಲಿಯೇ ಇಲ್ಲದ ಕಾಡು ಬೇಕೆಂದರೆ ತಾಂಜಾನಿಯಾಕ್ಕೆ ಹೋಗಬೇಕು. ಅಲ್ಲಿಯ ಸೆಲೂಸ್ ಅಭಯಾರಣ್ಯವು ಸುಮಾರು 50,000 ಚದರ ಕಿಲೋಮೀಟರಿನದಾಗಿತ್ತು, ಎಂದರೆ ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ದೊಡ್ಡದು. 2019ರಲ್ಲಿ ಅದರ ದೊಡ್ಡ ಪಾಲನ್ನು ಕತ್ತರಿಸಿ ಜೂಲಿಯಸ್ ನ್ಯೆರೆರೆಯ ಹೆಸರಿನ ರಾಷ್ಟ್ರೀಯ ಉದ್ಯಾನವನ್ನು ಮಾಡಿದರು. ಆ ಅಭಯಾರಣ್ಯಕ್ಕೆ ಹೆಸರು ಕೊಟ್ಟ ಫ್ರೆಡರಿಕ್ ಸೆಲೂಸ್ ಎಂಬ ಬೇಟೆಗಾರನು 1917ರ ಜನವರಿಯಲ್ಲಿ, ತನ್ನ ಅರವತ್ತೈದನೆಯ ವಯಸ್ಸಿನಲ್ಲಿ, ಜರ್ಮನರ ಮೇಲಿನ ಯುದ್ಧದಲ್ಲಿ ಗುಂಡಿಗೆ ಬಲಿಯಾಗಿ ಅಲ್ಲಿಯೇ ಮಣ್ಣಾದನು. ಇಷ್ಟು ವಿಸ್ತಾರವಾದ ನೆಲವನ್ನು ದನಗಾಹಿಗಳಿಂದಲೂ ನೇಗಿಲಿನಿಂದಲೂ ಕಾದದ್ದು ಸರ್ಕಾರಕ್ಕಿಂತ ಹೆಚ್ಚಾಗಿ ಸೆಟ್ಸಿ ಎಂಬ ನೊಣ. ಅದು ಕಚ್ಚಿದರೆ ದನಗಳಿಗೆ ಮಾರಕವಾದ ರೋಗ, ಮನುಷ್ಯನಿಗೆ ನಿದ್ರಾರೋಗ. ಕಾಡುಮೃಗಗಳಿಗೆ ಮಾತ್ರ ಅದರಿಂದ ಬಾಧೆ ಅಷ್ಟಾಗಿ ಇಲ್ಲ. ನೀಲಿ, ಕಪ್ಪು ಬಣ್ಣಗಳು ಕಂಡರೆ ಅದಕ್ಕೆ ಪ್ರೀತಿ. ಹೊಸ ನೀಲಿ ಜೀನ್ಸು ತೊಟ್ಟು ಬಂದ ಅತಿಥಿಯು ಮೊದಲ ದಿನವೇ ಬಟ್ಟೆ ಬದಲಾಯಿಸುವುದನ್ನು ಕಲಿಯುತ್ತಾನೆ.

ಇಲ್ಲಿ ಮೃಗವು ಸರ್ಕಾರದ ಸ್ವತ್ತು. ಕಾಡನ್ನು ಖಂಡಗಳಾಗಿ ಭಾಗಮಾಡಿ ಕಂಪನಿಗಳಿಗೆ ಗುತ್ತಿಗೆ ಕೊಡುತ್ತಾರೆ; ಪ್ರತಿಯೊಂದು ತಂಡದೊಡನೆ ಸರ್ಕಾರದ ಕಾವಲುಗಾರನೊಬ್ಬನು ಇರುತ್ತಾನೆ. ಸಿಂಹದಂಥ ಮೃಗವು ಬೇಕಾದವನು 21 ದಿನಗಳ ದೀರ್ಘ ಸಫಾರಿಯನ್ನೇ ಕೊಳ್ಳಬೇಕು. ಖರ್ಚು ಹತ್ತಾರು ಸಾವಿರ ಡಾಲರು. ಆ ಸಿಂಹಕ್ಕೂ ವಯಸ್ಸು ಆರು ತುಂಬಿರಬೇಕೆಂದು ಕಟ್ಟಳೆ. ಇದಕ್ಕೆ ಕಾರಣ ಸಿಂಹದ ಸಂಸಾರದಲ್ಲಿಯೇ ಇದೆ: ಹಿಂಡಿನ ಗಂಡು ಅಕಾಲದಲ್ಲಿ ಸತ್ತರೆ, ಆ ಹಿಂಡನ್ನು ವಶಮಾಡಿಕೊಳ್ಳುವ ಹೊಸ ಗಂಡು ಹಿಂದಿನವನ ಮರಿಗಳನ್ನೆಲ್ಲ ಕೊಂದುಬಿಡುತ್ತದೆ, ಹೀಗಾಗಿ ಒಂದು ಗುಂಡಿಗೆ ಬೀಳುವುದು ಒಂದು ಪ್ರಾಣವಲ್ಲ. ವಯಸ್ಸನ್ನು ತಿಳಿಯಲು ಮೂಗನ್ನು ನೋಡಬೇಕಂತೆ! ಎಳೆಯ ಸಿಂಹದ ಮೂಗು ನಸುಗೆಂಪು. ವಯಸ್ಸೇರಿದಂತೆ ಕಪ್ಪು ಚುಕ್ಕೆಗಳು ಹರಡುತ್ತ ಅರ್ಧಕ್ಕಿಂತ ಹೆಚ್ಚು ಕಪ್ಪಾಗುತ್ತದೆ. ಗುರಿಯಿಡುವ ಮುನ್ನ ದುರ್ಬೀನಿನಲ್ಲಿ ಮೂಗನ್ನು ಪರೀಕ್ಷಿಸುವ ಈ ಸಂಯಮವು ಎಲ್ಲರಿಗೂ ಇರುವುದೆಂದು ನಂಬುವುದು ಕಷ್ಟ. ಸರ್ಕಾರದ ಒಡೆತನವು ಆನೆಯನ್ನು ಕಾಯಲಿಲ್ಲವೆಂಬುದಂತೂ ದಾಖಲೆಯ ಮಾತು: 1976ರಲ್ಲಿ ಸೆಲೂಸಿನ ಸುತ್ತಿನಲ್ಲಿ ಒಂದು ಲಕ್ಷಕ್ಕೂ ಮೀರಿದ್ದ ಆನೆಗಳು ದಂತದ ಕಳ್ಳರಿಗೆ ಸಿಕ್ಕಿ 2013ರ ವೇಳೆಗೆ ಸುಮಾರು ಹದಿಮೂರು ಸಾವಿರಕ್ಕೆ ಇಳಿದಿದ್ದವು. ಉತ್ತರದ ಲೊಲಿಯೊಂಡೊದಲ್ಲಿ 2022ರ ಜೂನಿನಲ್ಲಿ 1,500 ಚದರ ಕಿಲೋಮೀಟರ್ ಹುಲ್ಲುಗಾವಲಿಗೆ ಗಡಿಕಲ್ಲು ನೆಡಲು ಪೊಲೀಸರು ಹೋದಾಗ, ತಲೆಮಾರುಗಳಿಂದ ಅಲ್ಲಿ ದನ ಮೇಯಿಸಿದ ಮಸಾಯಿ ಜನರು ಎದುರು ನಿಂತರು, ರಕ್ತ ಹರಿಯಿತು. ಮೃಗವು ಸರ್ಕಾರದ್ದಾದರೆ ಹುಲ್ಲೂ ಸರ್ಕಾರದ್ದೇ ಆಗಬೇಕಷ್ಟೆ.

ಇಷ್ಟೆಲ್ಲ ಕಷ್ಟಪಟ್ಟು ಹೋಗುವವನಿಗೆ ಅಲ್ಲಿ ಸಿಗುವುದಾದರೂ ಏನು? ಕಾಡೆಮ್ಮೆಯ ಬೇಟೆಯ ಒಂದು ಬೆಳಗನ್ನು ಮನಸ್ಸಿಗೆ ತಂದುಕೊಂಡರೆ ಸ್ವಲ್ಪ ತಿಳಿದೀತು. ನಸುಕಿನಲ್ಲಿ ನೀರಿನ ಗುಂಡಿಯ ಬಳಿ ಜೀಪು ನಿಲ್ಲುತ್ತದೆ. ಜಾಡು ಹಿಡಿಯುವ ಸ್ಥಳೀಯರಿಬ್ಬರು ಇಳಿದು, ಮಣ್ಣಿನಲ್ಲಿ ಮೂಡಿದ ಗೊರಸಿನ ಅಂಚು ಇನ್ನೂ ಚೂಪಾಗಿದೆಯೆ, ಗಾಳಿಗೆ ಉದುರಿದೆಯೆ ಎಂದು ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಾರೆ. ಸಗಣಿಯನ್ನು ಬೆರಳಿನಿಂದ ಒತ್ತಿ ಬಿಸಿಯನ್ನು ಅಳೆಯುತ್ತಾರೆ. ಒಬ್ಬನ ಕೈಯಲ್ಲಿ ಬೂದಿ ತುಂಬಿದ ಹಳೆಯ ಕಾಲುಚೀಲ. ಅದನ್ನು ಆಗಾಗ ಕೊಡವಿ, ಬೂದಿ ಯಾವ ಕಡೆಗೆ ತೇಲುವುದೆಂಬುದರಿಂದ ಗಾಳಿಯ ದಿಕ್ಕನ್ನು ಅರಿಯುತ್ತಾನೆ. ಇನ್ನೊಬ್ಬನ ಹೆಗಲ ಮೇಲೆ, ತುದಿಗೆ ಟ್ಯೂಬಿನ ರಬ್ಬರ್ ಪಟ್ಟಿಯಿಂದ ಬಿಗಿದ ಮೂರು ಕೋಲು. ಸಮಯ ಬಂದಾಗ ಅದನ್ನು ಮುಕ್ಕಾಲಿಯಾಗಿ ನಿಲ್ಲಿಸಿದರೆ ಕೋವಿಯ ನಳಿಗೆಗೆ ಆಸರೆ. ನಾಲ್ಕೈದು ಗಂಟೆ ಹೀಗೆ ಮಾತಿಲ್ಲದೆ ನಡೆದಮೇಲೆ, ಎಮ್ಮೆಗಿಂತ ಮೊದಲು ಅದರ ಮೈಮೇಲಿನ ಉಣ್ಣೆ ಹೆಕ್ಕುವ ಹಕ್ಕಿ ಚಿರ್ರೆಂದು ಹಾರಿ ಸುಳಿವು ಕೊಡುತ್ತದೆ, ಇವರಿಗೆ ಅದರ ಸುಳಿವು, ಅದಕ್ಕೆ ಇವರದು. ಬಹುಸಾರಿ ಕಥೆ ಅಲ್ಲಿಗೇ ಮುಗಿದು, ಮತ್ತೆ ನಡಿಗೆ. ಹೊಡೆಯತಕ್ಕದ್ದು ಹಿಂಡಿನಿಂದ ಹೊರಬಿದ್ದ, ಎರಡು ಕೊಂಬುಗಳ ಬುಡವೂ ಹಣೆಯ ಮೇಲೆ ಕೂಡಿಕೊಂಡು ಕಲ್ಲಿನಂತಾಗಿರುವ ಮುದಿ ಕೋಣವನ್ನು. 1912ರಲ್ಲಿ ಲಂಡನ್ನಿನ ಹಾಲಂಡ್ ಅಂಡ್ ಹಾಲಂಡ್ ಹೊರತಂದ ಪಾಯಿಂಟ್ 375 ಅಳತೆಯ ತೋಟಾಕ್ಕಿಂತ ಸಣ್ಣದನ್ನು ಇದಕ್ಕೆ ಬಳಸುವಂತಿಲ್ಲವೆಂಬುದು ಹಲವು ದೇಶಗಳ ಕಾನೂನು. ಗುಂಡು ಸರಿಯಾದ ಕಡೆ ತಗಲದೆ ಅದು ಪೊದೆಯನ್ನು ಹೊಕ್ಕರೆ, ಅತಿಥಿಯನ್ನು ಹಿಂದೆ ನಿಲ್ಲಿಸಿ ಆ ಪೊದೆಗೆ ನುಗ್ಗಬೇಕಾದವರು ವೃತ್ತಿಪರ ಬೇಟೆಗಾರನೂ ಕೋವಿಯೇ ಇಲ್ಲದ ಆ ಜಾಡಿನವರೂ.

ನಮ್ಮ ಹಳಗನ್ನಡದಲ್ಲಿ ಬೇಟವೆಂದರೆ ಪ್ರಣಯ, ಬೇಂಟೆಯೆಂದರೆ ಮೃಗಯೆ. ನಡುವೆ ಒಂದು ಸೊನ್ನೆಯ ಅಂತರ. ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮನುವು ಮೊದಲು ಹೆಸರಿಸುವುದೂ ಮೃಗಯೆಯನ್ನೇ. ಚಿರತೆಯ ಬೇಟೆಯಲ್ಲಿಯಂತೂ ಆ ವ್ಯಸನಕ್ಕೆ ಏಕಾಂತವೂ ಸೇರುತ್ತದೆ: ಮರದ ಕೊಂಬೆಗೆ ಮಾಂಸವನ್ನು ಕಟ್ಟಿ, ನಮ್ಮ ಮಲೆನಾಡಿನವರು ಮರಸು ಕೂರುವಂತೆ ಹುಲ್ಲಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂರುವುದು.

ನಮೀಬಿಯಾದ ಕಥೆಯನ್ನು ಸ್ವಲ್ಪ ಸಾವಧಾನವಾಗಿ ಹೇಳಬೇಕು. ಆ ದೇಶವು ದಕ್ಷಿಣ ಆಫ್ರಿಕಾದ ಆಳ್ವಿಕೆಯಲ್ಲಿದ್ದಾಗಲೇ ಬಿಳಿಯ ಜಮೀನುದಾರರಿಗೆ ತಮ್ಮ ನೆಲದ ಮೃಗಗಳ ಮೇಲೆ ಹಕ್ಕು ದೊರೆತಿತ್ತು. ಕರಿಯರ ಸಾಮುದಾಯಿಕ ನೆಲದಲ್ಲಿ ಮಾತ್ರ ಮೃಗವು ಸರ್ಕಾರದ್ದು, ಅದನ್ನು ಹೊಡೆದವನು ಕಳ್ಳ. 1980ರ ಸುಮಾರಿಗೆ ಕಾಓಕೊವೆಲ್ಡ್ ಎಂಬ ವಾಯವ್ಯದ ಮರುಭೂಮಿಯಲ್ಲಿ ಬರಗಾಲವೂ ಕಳ್ಳಬೇಟೆಯೂ ಒಟ್ಟಿಗೆ ಬಂದು, ಮರಳುಗಾಡಿನ ಆನೆಗಳೂ ಕರಿಯ ಖಡ್ಗಮೃಗಗಳೂ ಅಳಿಯುವ ಸ್ಥಿತಿಗೆ ಇಳಿದವು. ಆಗ ಗಾರ್ತ್ ಓವೆನ್-ಸ್ಮಿತ್ ಎಂಬವರು ಪೊಲೀಸರ ಬಳಿಗೆ ಹೋಗಲಿಲ್ಲ; ಊರಿನ ಮುಖಂಡರ ಬಳಿಗೆ ಹೋಗಿ, ಮೃಗಗಳನ್ನು ಕಾಯುವವರನ್ನು ನೀವೇ ಆರಿಸಿಕೊಡಿರೆಂದು ಕೇಳಿಕೊಂಡರು. ಹಾಗೆ ಆಯ್ದವರಲ್ಲಿ ಹಿಂದೆ ತಾವೇ ಕಳ್ಳಬೇಟೆಯಾಡಿದವರೂ ಇದ್ದರು. ಜಾಡು ಬಲ್ಲವರು ಅವರಲ್ಲದೆ ಇನ್ನಾರು? ಓವೆನ್-ಸ್ಮಿತ್ ಅವರೂ ಅವರೊಡನೆ ದುಡಿದ ಮಾರ್ಗರೆಟ್ ಜೇಕಬ್‌ಸನ್ ಅವರೂ ಈ ಕೆಲಸಕ್ಕಾಗಿ 1993ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿಯನ್ನು ಪಡೆದರು. 1990ರಲ್ಲಿ ಸ್ವತಂತ್ರವಾದ ದೇಶವು 1996ರ ಕಾನೂನಿನಿಂದ, ಬಿಳಿಯರಿಗೆ ಎಂದೋ ಸಿಕ್ಕಿದ್ದ ಹಕ್ಕನ್ನು ಹಳ್ಳಿಗರ ಕೂಟಗಳಿಗೂ ವಿಸ್ತರಿಸಿತು. 1998ರಲ್ಲಿ ಮೊದಲ ನಾಲ್ಕು ಕೂಟಗಳು. ಈಗ ಅವು 86.

ಈ ಕೂಟದ ನೆಲದಲ್ಲಿ ಬೇಟೆಯಾಡಿದವನ ಟ್ರೋಫಿ ಶುಲ್ಕವು ಕೂಟದ ಬೊಕ್ಕಸಕ್ಕೆ ಸಲ್ಲುತ್ತದೆ, ಮಾಂಸವು ಊರಿನ ಒಲೆಗಳಿಗೆ ಹಂಚಿಹೋಗುತ್ತದೆ. ತಲೆ, ಚರ್ಮಗಳು ಮಾತ್ರ ಉಪ್ಪು ಹಚ್ಚಿಸಿಕೊಂಡು ಅವನ ಹಿಂದೆ ಹಡಗನ್ನೇರುತ್ತವೆ. 1998ರ ಮೊದಲಿಗರಲ್ಲಿ ಒಂದಾದ ನ್ಯೈ ನ್ಯೈ ಕೂಟವು ಸಾನ್ ಜನರದು; ಅವರು ಇಂದಿಗೂ ತಮ್ಮ ಊಟಕ್ಕೆಂದು ಬಿಲ್ಲುಬಾಣದಿಂದ, ಒಂದು ಜಾತಿಯ ಜೀರುಂಡೆಯ ಹುಳುವನ್ನು ಹಿಂಡಿ ತೆಗೆದ ವಿಷವನ್ನು ಬಾಣಕ್ಕೆ ಸವರಿ, ಬೇಟೆಯಾಡಬಲ್ಲರು. ಸಾವಿರಾರು ಮೈಲಿಯಿಂದ ಬಂದ ಅತಿಥಿಗೆ ಆನೆಯ ಹೆಜ್ಜೆಯನ್ನು ತೋರಿಸುವವರೂ ಅವರೇ. ದೇಶದ ಆನೆಗಳು 1995ರಲ್ಲಿ ಸುಮಾರು 7,500 ಇದ್ದು, ಆಮೇಲೆ ಇಪ್ಪತ್ತು ಸಾವಿರವನ್ನು ದಾಟಿದವು. 2022ರ ಸೆಪ್ಟೆಂಬರಿನಲ್ಲಿ ನಮ್ಮ ಕುನೊ ಕಾಡಿಗೆ ಬಂದಿಳಿದ ಎಂಟು ಚೀತಾಗಳು ಈ ನಮೀಬಿಯಾದವೇ. ಅಲ್ಲಿ ಅವು ಹೆಚ್ಚಾಗಿ ಬಾಳುವುದು ಅಭಯಾರಣ್ಯಗಳ ಹೊರಗೆ, ಜಮೀನುಗಳಲ್ಲಿ.

ಇದೆಲ್ಲ ಚಿನ್ನದ ಅಕ್ಷರದ ಕಥೆಯೇನೂ ಅಲ್ಲ. 2014ರಲ್ಲಿ ಡಲ್ಲಾಸಿನ ಬೇಟೆಗಾರರ ಸಂಘವೊಂದು, ಸಂತಾನದ ವಯಸ್ಸು ಮೀರಿದ ಒಂದು ಕರಿಯ ಖಡ್ಗಮೃಗವನ್ನು ಕೊಲ್ಲುವ ನಮೀಬಿಯಾದ ಪರವಾನಗಿಯನ್ನು 3,50,000 ಡಾಲರಿಗೆ ಹರಾಜು ಹಾಕಿದಾಗ ಲೋಕವೆಲ್ಲ ಛೀಮಾರಿ ಹಾಕಿತು. ಹಣವು ಸಂರಕ್ಷಣೆಗೇ ಹೋಗುವುದೆಂದು ಸರ್ಕಾರವು ಹೇಳಿತು. ಅಳಿವಿನಂಚಿನ ಜೀವವೊಂದನ್ನು ಉಳಿಸಲು ಅದರಲ್ಲೊಂದನ್ನು ಮಾರುವ ಈ ತರ್ಕವು ಬುದ್ಧಿಗೆ ಒಪ್ಪಿದರೂ ನನ್ನ ನಾಲಗೆಗೆ ಇಳಿಯುವುದಿಲ್ಲ.

ಮೃಗದ ಫಲವನ್ನು ಹಳ್ಳಿಗರಿಗೆ ಸಲ್ಲಿಸುವ ದಾರಿಯನ್ನು ಮೊದಲು ತೋರಿದ್ದು ಜಿಂಬಾಬ್ವೆ. 1989ರ ಸುಮಾರಿಗೆ ಕ್ಯಾಂಪ್‌ಫೈರ್ ಎಂಬ ಹೆಸರಿನ ಯೋಜನೆಯಿಂದ ಬೇಟೆಯ ಹಣವನ್ನು ಹಳ್ಳಿಗರಿಗೆ ಮುಟ್ಟಿಸಲು ಅದು ಹೊರಟಿತು. ಆದರೆ ಅಧಿಕಾರವನ್ನು ಕೊಟ್ಟದ್ದು ಹಳ್ಳಿಗೆ ಅಲ್ಲ, ಜಿಲ್ಲಾ ಮಂಡಲಿಗೆ. ನಡುವೆ ನಿಂತ ಮಂಡಲಿಗಳಲ್ಲಿ ಹಲವು ಬೇಲಿಯೇ ಎದ್ದು ಹೊಲ ಮೇಯ್ದಂತೆ ಮಾಡಿದವು. 2015ರ ಜುಲೈಯಲ್ಲಿ ಹ್ವಾಂಗೆ ಉದ್ಯಾನದ ಗಡಿಯಾಚೆ, ಆಕ್ಸ್‌ಫರ್ಡಿನ ಸಂಶೋಧಕರು ಕೊರಳಿಗೆ ಪಟ್ಟಿ ಕಟ್ಟಿದ್ದ ಸೆಸಿಲ್ ಎಂಬ ಸಿಂಹವು ಅಮೆರಿಕದ ಬೇಟೆಗಾರನೊಬ್ಬನ ಬಾಣ ತಗಲಿ ಗಂಟೆಗಟ್ಟಲೆ ನರಳಿ ಸತ್ತದ್ದು ಪತ್ರಿಕೆ ಓದುವವರಿಗೆಲ್ಲ ನೆನಪಿದ್ದೀತು. ಅದರಿಂದ ಮೃಗವು ಯಾರದೆಂಬ ಪ್ರಶ್ನೆಗೆ ಹೊಸದೊಂದು ತೊಡಕು ಬಂದಿತು: ಉದ್ಯಾನದೊಳಗೆ ಹುಟ್ಟಿ ಬೆಳೆದದ್ದು ಗಡಿಯ ಗೆರೆಯನ್ನು ದಾಟಿದ ಕ್ಷಣವೇ ಬೇರೆಯವರದಾಗುವುದೆ?

ಬೋಟ್ಸ್ವಾನಾ 2014ರಲ್ಲಿ ಬೇಟೆಯನ್ನು ನಿಷೇಧಿಸಿ 2019ರಲ್ಲಿ ತೆರೆಯಿತು. ಸುಮಾರು 1,30,000 ಆನೆಗಳಿರುವ ಆ ದೇಶದಲ್ಲಿ ಜೋಳದ ಹೊಲವನ್ನು ಕಳೆದುಕೊಂಡವರ ವೋಟುಗಳೂ ಇವೆ; ಜರ್ಮನಿಯು ಟ್ರೋಫಿಗಳ ಆಮದನ್ನು ಬಿಗಿಗೊಳಿಸುವ ಮಾತಾಡಿದಾಗ, ಹಾಗಾದರೆ 20,000 ಆನೆಗಳನ್ನು ನಿಮಗೇ ಕಳಿಸುತ್ತೇವೆ, ಸಾಕಿಕೊಳ್ಳಿರೆಂದು ಅಂದಿನ ಅಧ್ಯಕ್ಷ ಮಸೀಸಿ 2024ರಲ್ಲಿ ಹೇಳಿದರು. ಸಕಲೇಶಪುರ, ಕೊಡಗುಗಳ ಕಾಫಿ ಬೆಳೆಗಾರರಿಗೆ ಈ ಮಾತಿನ ಖಾರ ಚೆನ್ನಾಗಿ ಅರ್ಥವಾದೀತು. ಜಾಂಬಿಯಾದ ಲುವಾಂಗ್ವಾ ಕಣಿವೆ, ಮೊಜಾಂಬಿಕಿನ ಜಾಂಬೆಜಿ ಮುಖಜಭೂಮಿ ಇವೂ ಹಳೆಯ ಮಾದರಿಯ ಕಾಡುಗಳು. ಅಂತರ್ಯುದ್ಧದಲ್ಲಿ ಬರಿದಾಗಿದ್ದ ಈ ಎರಡನೆಯದಕ್ಕೆ ಮೃಗಗಳು ಮರಳಿವೆ, 2018ರಲ್ಲಿ 24 ಸಿಂಹಗಳನ್ನೂ ತಂದು ಬಿಟ್ಟರು. ಮಳೆಕಾಡಿನ ಬೋಂಗೊ ಜಿಂಕೆ ಬೇಕಾದವರು ಕ್ಯಾಮರೂನಿಗೂ, ಮಲೆಯ ನ್ಯಾಲ ಬೇಕಾದವರು ಇಥಿಯೋಪಿಯಕ್ಕೂ ಹೋಗುವರು. ಅದು ಹುಚ್ಚು ನೆತ್ತಿಗೇರಿದವರ ದಾರಿ.

ದೇಶವನ್ನು ಆರಿಸುವವನು ತನ್ನ ದೇಶದ ಸುಂಕದ ಕಟ್ಟೆಯನ್ನೂ ಮರೆಯುವಂತಿಲ್ಲ. ಕಾಡುಜೀವಿಗಳ ವ್ಯಾಪಾರವನ್ನು ಹತೋಟಿಯಲ್ಲಿಡಲು 1975ರಿಂದ ಜಾರಿಯಲ್ಲಿರುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವು ಚಿರತೆಯಂಥ ಮೃಗಗಳಿಗೆ ದೇಶವಾರು ಮಿತಿಯನ್ನು ಕಟ್ಟಿದೆ. ಆಸ್ಟ್ರೇಲಿಯ, ಫ್ರಾನ್ಸ್‌ಗಳು 2015ರಲ್ಲಿ ಸಿಂಹದ ತಲೆ, ಚರ್ಮಗಳಿಗೆ ಬಾಗಿಲು ಮುಚ್ಚಿದವು. ಮರುವರ್ಷ ಅಮೆರಿಕವು ಸಿಂಹವನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿ ಕಟ್ಟುನಿಟ್ಟು ಮಾಡಿತು. ಕೊಂದದ್ದನ್ನು ಮನೆಗೆ ತರಲಾಗದೆಂದಾದರೆ ಹಲವರಿಗೆ ಕೊಲ್ಲುವ ಬಯಕೆಯೇ ಇಳಿದುಹೋಗುತ್ತದೆ. ಗೋಡೆಯ ಮಹಿಮೆ!

ಕೀನ್ಯಾದ ದಾರಿಯೇ ಮೇಲಲ್ಲವೆ ಎಂದು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆದರೆ 1977ರಿಂದ 2016ರವರೆಗಿನ ಗಣತಿಗಳನ್ನು ನೋಡಿದ ವಿಜ್ಞಾನಿಗಳು, ಆ ದೇಶದ ಹುಲ್ಲುಗಾವಲುಗಳ ಕಾಡುಮೃಗಗಳು ಸರಾಸರಿ ಮೂರರಲ್ಲಿ ಎರಡು ಪಾಲು ನಶಿಸಿದವೆಂದು ಕಂಡುಕೊಂಡರು. ಬೇಟೆಯ ನಿಷೇಧವೇ ಇದಕ್ಕೆ ಕಾರಣವೆಂದು ಬೇಟೆಗಾರರು ಹೇಳುವುದು ಅತಿಯ ಮಾತು. ಜನ ಹೆಚ್ಚಿದರು, ದನ ಹೆಚ್ಚಿದವು, ಬೇಲಿ ಬಂದವು. ಆದರೂ ಸಫಾರಿ ಜೀಪಿನ ಹಣ ಮುಟ್ಟದ ಊರಿನ ದನಗಾಹಿಗೆ ಜೀಬ್ರಾ ತನ್ನ ಹಸುವಿನ ಹುಲ್ಲು ತಿನ್ನುವ ಪ್ರಾಣಿಯಾಗಿ ಮಾತ್ರ ಕಂಡಿದ್ದರೆ ಆಶ್ಚರ್ಯವಿಲ್ಲ. ಹೋಗಲೇಬೇಕೆಂದು ಹಟ ಹಿಡಿದ ಬೇಟೆಗಾರನೊಬ್ಬನು ನನ್ನನ್ನು ಕೇಳಿದರೆ, ಶುಲ್ಕದ ಚೀಟಿಯಲ್ಲಿ ಊರಿನ ಹೆಸರಿರುವ ದೇಶಕ್ಕೆ ಹೋಗೆಂದು ಹೇಳಿಯೇನು.

ನಮೀಬಿಯಾದ ಕೂಟದ ಕಾವಲುಗಾರನು ಬೆಟ್ಟ ಬಯಲು ಸುತ್ತುವಾಗ ಅವನೊಡನೆ ಹಳದಿ ಬಣ್ಣದ ಒಂದು ಪುಸ್ತಕವಿರುತ್ತದೆ. ಸಿಂಹವು ಯಾರ ದೊಡ್ಡಿಗೆ ನುಗ್ಗಿ ಮೇಕೆಯನ್ನು ಹೊತ್ತಿತು, ಆನೆಯು ಯಾರ ನೀರಿನ ತೊಟ್ಟಿಯನ್ನು ಒಡೆಯಿತು, ಎಲ್ಲಿ ಉರುಳು ಸಿಕ್ಕಿತು, ಬೇಟೆಯಲ್ಲಿ ಬಿದ್ದ ಮೃಗ ಯಾವುದು, ಎಲ್ಲವನ್ನೂ ಅವನು ಅದರಲ್ಲಿ ಬರೆದಿಡುತ್ತಾನೆ. ತಿಂಗಳ ಲೆಕ್ಕ ನೀಲಿ ಪುಸ್ತಕಕ್ಕೆ, ವರ್ಷದ ಲೆಕ್ಕ ಕೆಂಪು ಪುಸ್ತಕಕ್ಕೆ. ವರ್ಷಕ್ಕೊಮ್ಮೆ ಊರಿನವರೆಲ್ಲ ಸಭೆ ಸೇರಿದಾಗ ಬೊಕ್ಕಸದ ಲೆಕ್ಕವನ್ನು ಓದಬೇಕು. ಆಗ ಯಾವ ಸದಸ್ಯನಾದರೂ ಕೈಯೆತ್ತಿ ಎದ್ದು ನಿಂತು, ಆ ಕುಡುವಿನ ಹಣ ಎಲ್ಲಿಗೆ ಹೋಯಿತೆಂದು ಕೇಳಬಹುದು.